ಅಜ್ಜನ .315: ಹಳೆ ತೋಟಾ ಅಂದ್ರೆ ಶಿಕಾರಿಗಳಿಗೆ ಯಾಕಷ್ಟು ಪ್ರೀತಿ?

ಖಡಕಿ ಕನ್ನಡಿಗ, ಪುಣೆ:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಯಲ್ಲಾಪುರದ ಹತ್ತಿರ ನಮ್ಮ ಅಜ್ಜನ ಮನೆಗೆ ಹೋಗಿದ್ದೆ. ಹಳೆ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದಾರೆ. ಅಟ್ಟದ ಮೇಲಿನ ಅಕ್ಕಿ ಕಣಜ ಖಾಲಿ ಮಾಡುವಾಗ ತಳದಲ್ಲಿ ಒಂದು ಹಿತ್ತಾಳೆ ತೋಟಾ, ಅಂದರೆ ಕೋವಿಯ ಕಾಡತೂಸು, ಸಿಕ್ಕಿತು. ಹೊಡೆದಾಗಿರುವ ಖಾಲಿ ತೋಟಾ. ಕಿರುಬೆರಳಿನಷ್ಟು ಉದ್ದ, ತಳದಲ್ಲಿ ದಪ್ಪ ಅಂಚು, ಮೇಲೆ ಕುತ್ತಿಗೆ ಸಣ್ಣದಾಗಿದೆ. ಪೂರ್ತಿ ಕಪ್ಪಾಗಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ತಳದಲ್ಲಿ ಎರಡು ಇಂಗ್ಲಿಷ್ ಅಕ್ಷರ ಕಂಡವು. ಕೆ, ಎಫ್.

ಕೆಎಫ್ ಅಂದರೆ ಕಿರ್ಕಿ ಫ್ಯಾಕ್ಟರಿ. ನಮ್ಮ ಖಡಕಿಯನ್ನೇ ಬ್ರಿಟಿಷರು ಕಿರ್ಕಿ ಅನ್ನುತ್ತಿದ್ದರು. 1869ರಲ್ಲಿ ಶುರುವಾದ ಮದ್ದುಗುಂಡು ಕಾರ್ಖಾನೆ ಅದು. ನಮ್ಮಪ್ಪ ಅಲ್ಲೇ ಕೆಲಸಕ್ಕಿದ್ದವರು. ರಿಟೈರ್ ಆಗುವ ತನಕ ಬೆಳಿಗ್ಗೆ ಕಾರ್ಖಾನೆಯ ಭೋಂಗಾ (ಸೈರನ್) ಕೂಗುವ ಮುಂಚೆ ಸೈಕಲ್ ಹತ್ತುತ್ತಿದ್ದರು. ಅಜ್ಜ ಅಂದರೆ ಅಮ್ಮನ ಅಪ್ಪ. ಅವರು ಗದ್ದೆ ಕಾಯಲು ಇಟ್ಟುಕೊಂಡಿದ್ದ ಕೋವಿ .315. ಅಂದರೆ ಅಳಿಯ ಕೆಲಸ ಮಾಡುವ ಕಾರ್ಖಾನೆಯ ತೋಟಾವನ್ನು ಮಾವ ಕಾಡಿನಲ್ಲಿ ಹೊಡೆದಿದ್ದಾರೆ. ಇದು ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಅಪ್ಪನೂ ಇಲ್ಲ, ಅಜ್ಜನೂ ಇಲ್ಲ, ಈಗ ಕೇಳೋಣ ಅಂದರೆ ಯಾರಿದ್ದಾರೆ?

ನನ್ನ ಪ್ರಶ್ನೆ ಇಷ್ಟು. ಅಜ್ಜನಿಗೆ ಆ ಕೋವಿಗಿಂತ ಜಾಸ್ತಿ ಆ ತೋಟಾ ಮೇಲೆ ನಂಬಿಕೆ ಇತ್ತು. ಪಕ್ಕದ ಊರಿನ ಸಾಹುಕಾರರು ದೊಡ್ಡ ವಿಲಾಯತಿ ರೈಫಲ್ ಕೊಡುತ್ತೇನೆ ಅಂದಾಗಲೂ ಬೇಡ ಅಂದಿದ್ದರಂತೆ. "ಇದು ಏನು ಮಾಡುತ್ತದೆ ಅಂತ ನನಗೆ ಗೊತ್ತು" ಅನ್ನುತ್ತಿದ್ದರಂತೆ, ಅಮ್ಮ ಹೇಳುತ್ತಾರೆ. ಯಾಕೆ ಹಾಗೆ? ಬೇರೆ ದೇಶದ ಬೇಟೆಗಾರರೂ ನೂರು ವರ್ಷ ಹಳೆಯ ತೋಟಾಗಳನ್ನೇ ಹಿಡಿದುಕೊಂಡಿದ್ದಾರೆ ಅಂತ ಓದಿದ್ದೇನೆ. ತಿಳಿದವರು ಹೇಳಿ.

ಮಡಿಕೇರಿಯವ, ಮುಂಬೈ:

ಸರ್, ಓದಿ ಖುಷಿ ಆಯ್ತು. ನಾನು ಮೂವತ್ತು ವರ್ಷದಿಂದ ಚೆಂಬೂರಿನಲ್ಲಿದ್ದೇನೆ, ಆದರೆ ಊರಿನ ತೋಕ್ (ಕೋವಿ) ಇನ್ನೂ ನಮ್ಮ ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲಮನೆಯಲ್ಲಿದೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಪ್ರತಿ ವರ್ಷ ಹೋಗಿ ತೋಕ್ ಪೂ ಅನ್ನುವ ಹೂವು ಇಟ್ಟು ಪೂಜೆ ಮಾಡಿ ಬರುತ್ತೇನೆ.

ಮೊದಲು .315 ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಅದರ ಹುಟ್ಟು ಇಂಡಿಯಾ ಅಲ್ಲ, ಇಂಗ್ಲೆಂಡೂ ಅಲ್ಲ. ಆಸ್ಟ್ರಿಯಾ-ಹಂಗೇರಿ ಸೈನ್ಯದ್ದು. 1890ರ ದಶಕದ ಮನ್ಲಿಕರ್ ರೈಫಲ್ಲಿನ 8 ಮಿಲಿಮೀಟರ್ ತೋಟಾ, ಅದನ್ನೇ ಇಂಚಿನಲ್ಲಿ ಹೇಳಿದರೆ .315. ಪೂರ್ತಿ ಲೆಕ್ಕದಲ್ಲಿ 8×50 ಆರ್. 8 ಅಂದರೆ ನಳಿಗೆಯ ಅಳತೆ, 50 ಅಂದರೆ ತೋಟಾ ಕವಚದ ಉದ್ದ, ಎರಡೂ ಮಿಲಿಮೀಟರ್‌ನಲ್ಲಿ. ಕೊನೆಯ ಆರ್ ಅಂದರೆ ತಳದಲ್ಲಿ ಅಂಚು ಇದೆ ಅಂತ. ಅದು ಇಲ್ಲಿಗೆ ಬಂದಿದ್ದಕ್ಕೆ ಕಾರಣ ಕಾನೂನು. ಬ್ರಿಟಿಷ್ ಸೈನ್ಯ ಬಳಸುತ್ತಿದ್ದದ್ದು .303. ಅದೇ ತೋಟಾ ಜನರ ಕೈಯಲ್ಲೂ ಇದ್ದರೆ, ಸೈನ್ಯದ ದಾಸ್ತಾನಿನಿಂದ ಕದ್ದು ಸರ್ಕಾರದ ಮೇಲೇ ಹೊಡೆಯುತ್ತಾರೆ ಅನ್ನುವ ಭಯ. ಹಾಗಾಗಿ ಸೈನ್ಯದ ಅಳತೆ ಜನಕ್ಕೆ ಬೇಡ ಅಂದರು. 1907ರ ಸುಮಾರಿಗೆ .450 ಅಳತೆಯನ್ನೂ ಇದೇ ಕಾರಣಕ್ಕೆ ಇಲ್ಲಿ ನಿಲ್ಲಿಸಿದರು. ಆಗ ಇಂಗ್ಲೆಂಡಿನ ಕೋವಿ ತಯಾರಕರು .465, .470 ಅಂತೆಲ್ಲ ಹೊಸ ಅಳತೆ ಹುಡುಕಿಕೊಂಡರು. ನಮ್ಮ ಕಡೆ .303ರ ಜಾಗದಲ್ಲಿ .315 ಬಂದು ಕೂತಿತು. ಸ್ವಾತಂತ್ರ್ಯ ಬಂದ ಮೇಲೂ ನಿಯಮ ಹಾಗೇ ಉಳಿಯಿತು. ಸೈನ್ಯದ ಅಳತೆಗೆ ಇವತ್ತಿಗೂ ಸಾಮಾನ್ಯ ಲೈಸೆನ್ಸ್ ಸಿಗುವುದಿಲ್ಲ. ಆದ್ದರಿಂದಲೇ .315ರ ಕೋವಿ, ತೋಟಾ ಎರಡನ್ನೂ ನಮ್ಮ ಸರ್ಕಾರಿ ಕಾರ್ಖಾನೆಗಳೇ ಮಾಡಿದವು.

ಕೊಡಗಿನವರಿಗೆ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಮಗೆ ಗೊತ್ತಿರಬಹುದು. 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿದ್ದಾರೆ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು, ಅಂದರೆ ಒಂದು ಸಲ ಗುಂಡು ಹಾರಿಸುವುದು, ಸಾವಾದರೆ ಎರಡು ಈಡು. ತಾತ ತೀರಿಕೊಂಡಾಗ ನಾನು ಒಂಬತ್ತು ವರ್ಷದವ. ಅವತ್ತು ಆ ಎರಡು ಈಡಿನಲ್ಲಿ ಒಂದು ಹಾರದೆ ಹೋಗಿದ್ದರೆ ಅಂತ ಯೋಚಿಸಿ ನೋಡಿ. ಅಂಥ ಹೊತ್ತಿಗೆ ಮನೆಯವರು ಕಪಾಟಿನಿಂದ ತೆಗೆಯುವುದು ತಮಗೆ ಪೂರ್ತಿ ನಂಬಿಕೆ ಇರುವ ತೋಟಾವನ್ನೇ.

ಮಡಗಾಂವ್ ಮಾವ, ಗೋವಾ:

ನಾನು ಅಂಕೋಲೆಯವ, ಗೋವಾಕ್ಕೆ ಬಂದು ನಲವತ್ತು ವರ್ಷ ಆಯಿತು. ಮಡಿಕೇರಿಯವರ ಮಾತಿಗೆ ಒಂದು ಉಲ್ಟಾ ಉದಾಹರಣೆ ಇದೆ, ಕೇಳಿ.

ಸಾಲ್ಸೆಟ್ ಕಡೆ ಒಬ್ಬ ಹಳೆ ಭಾಟ್ಕಾರರ (ಜಮೀನ್ದಾರರ) ಮನೆಗೆ ಲೆಕ್ಕ ಬರೆಯಲು ಹೋಗುತ್ತಿದ್ದೆ. ಹಾಲ್‌ನಲ್ಲಿ ಒಂದು ರೈಫಲ್ ನೇತುಹಾಕಿದ್ದರು. ಪೋರ್ಚುಗೀಸರ 1904ರ ಮಾದರಿ, ಮೌಸರ್-ವೆರ್ಗೇರೊ. ಅದರ ತೋಟಾ 6.5×58. ಎಂಥ ಚಂದದ ಕೆಲಸ ಗೊತ್ತಾ? ಬೋಲ್ಟ್ ಎಳೆದರೆ ಎಣ್ಣೆ ಹಾಕಿದ ಬಾಗಿಲಿನ ಹಾಗೆ ಸರಿಯುತ್ತಿತ್ತು. ಆದರೆ ಪೋರ್ಚುಗಲ್ 1937ರಲ್ಲಿ ಜರ್ಮನಿಯ 7.92 ಅಳತೆಗೆ ಹೋಯಿತು. ಆಮೇಲೆ ಈ ತೋಟಾ ಸಿಗುವುದೇ ಕಷ್ಟವಾಯಿತು. ಭಾಟ್ಕಾರರ ಅಪ್ಪ ಕೊನೆಯ ಆರು ತೋಟಾಗಳನ್ನು ಬೆಳ್ಳಿ ಡಬ್ಬಿಯಲ್ಲಿ ಇಟ್ಟಿದ್ದರಂತೆ. ಹೊಡೆಯಲಿಲ್ಲ. ಹೊಡೆದರೆ ಮುಗಿಯಿತಲ್ಲ! ಆ ಕೋವಿ ಈಗ ಗೋಡೆಯ ಮೇಲಿನ ಫೋಟೋ ಇದ್ದ ಹಾಗೆ.

ಹಾಗಾಗಿ ತೋಟಾ ಒಳ್ಳೆಯದಾದರೆ ಸಾಲದು. ಪೇಟೆಗೆ ಹೋದರೆ ಸಿಗಬೇಕು. ಹತ್ತು ವರ್ಷ ಬಿಟ್ಟು ಹೋದರೂ ಸಿಗಬೇಕು. ಯಲ್ಲಾಪುರ 1956ರ ತನಕ ಮುಂಬೈ ಪ್ರಾಂತ್ಯದಲ್ಲೇ ಇತ್ತು, ಪುಣೆ ಬೇರೆ ರಾಜ್ಯ ಆಗಿರಲಿಲ್ಲ. ಅಜ್ಜನಿಗೆ ತೋಟಾ ಬರುವ ದಾರಿ ಹತ್ತಿರದ್ದೇ.

ಇನ್ನೊಂದು ಮಾತು. ನಾವು ಹೇಳುವ ಕಾಡತೂಸು, ಮರಾಠಿಯ ಕಾಡತೂಸ್, ಹಿಂದಿಯ ಕಾರತೂಸ್ ಎಲ್ಲಕ್ಕೂ ಮೂಲ ಪೋರ್ಚುಗೀಸರ ಕಾರ್ತೂಶು. ವಸ್ತುವಿನ ಜತೆಗೇ ಹೆಸರೂ ಹಡಗಿನಿಂದ ಇಳಿದಿದೆ.

ಮಂಗಟ್ಟೆ, ಪುಣೆ ಕೋಥ್ರುಡ್:

ನಾನು ದಾಂಡೇಲಿ ಕಡೆ ಹಕ್ಕಿ ನೋಡಲು ವರ್ಷಕ್ಕೆ ಎರಡು ಸಲ ಹೋಗುವವಳು. ನೇರವಾಗಿ ಕೇಳುತ್ತೇನೆ, ಬೇಜಾರಾಗಬೇಡಿ. 1970ರಲ್ಲಿ ಹುಲಿ ಬೇಟೆ ನಿಂತಿತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ಆ ಕಾಯ್ದೆ ಬರದೇ ಇದ್ದಿದ್ದರೆ ನಾನು ಇವತ್ತು ನೋಡುವ ಕಾಡು ಇರುತ್ತಿರಲಿಲ್ಲ. ಹೀಗಿರುವಾಗ ಪ್ರಾಣಿ ಕೊಲ್ಲುವ ತೋಟಾ ಬಗ್ಗೆ ಇಷ್ಟು ಪ್ರೀತಿಯಿಂದ ಮಾತಾಡುವುದು ಸರಿಯಾ? ನನಗೆ ನಿಜವಾಗಿ ಕಷ್ಟ ಆಗುತ್ತದೆ.

ಖಡಕಿ ಕನ್ನಡಿಗ, ಪುಣೆ:

ಅಕ್ಕ, ಬೇಜಾರು ಇಲ್ಲ. ನೀವು ಕೇಳಿದ್ದು ಒಳ್ಳೆಯದೇ ಆಯಿತು. ಕಾಯ್ದೆ ಬಂದದ್ದು ಸರಿ ಅಂತಲೇ ನಾನೂ ಹೇಳುತ್ತೇನೆ. ಅಜ್ಜನೂ 72ರ ನಂತರ ಕಾಡಿಗೆ ಕೋವಿ ಒಯ್ಯಲಿಲ್ಲ. ಆದರೆ ನಿನ್ನೆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕೇಳಿದೆ, ಅಜ್ಜ .315 ತಗೊಂಡದ್ದು ಯಾಕೆ ಅಂತ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

ಮೊದಲು ಅಜ್ಜನ ಹತ್ತಿರ ಇದ್ದದ್ದು ಹನ್ನೆರಡು ಬೋರಿನ ಜೋಡು ನಳಿಗೆ. ಆಗಿನ ಚರೆ ತೋಟಾಗಳಿಗೆ ಕಾಗದದ ಕವಚ. ನಮ್ಮ ಕಡೆ ಮಳೆಗಾಲ ಅಂದರೆ ಗೊತ್ತಲ್ಲ, ಒಲೆ ಮೇಲೆ ಇಟ್ಟ ಉಪ್ಪೂ ನೀರಾಗುತ್ತದೆ. ಕಾಗದ ಉಬ್ಬಿಬಿಡುತ್ತಿತ್ತು. ಒಂದು ಶ್ರಾವಣದ ರಾತ್ರಿ ಗದ್ದೆಗೆ ಒಂಟಿಗ ಹಂದಿ ಇಳಿದಿದೆ. ಅಜ್ಜ ಮರಸು ಕೂತಿದ್ದರು, ಅಂದರೆ ಅಡಗಿ ಕಾಯುತ್ತಿದ್ದರು, ಜತೆಗೆ ಒಬ್ಬ ಆಳು, ಲಾಟೀನು ಹಿಡಿದುಕೊಂಡು. ಒಂದು ತೋಟಾ ನಳಿಗೆಯೊಳಗೆ ಹೋಗಲೇ ಇಲ್ಲ, ಉಬ್ಬಿತ್ತು. ಇನ್ನೊಂದು ಹೋಯಿತು. ಕೋವಿಯ ಕುದುರೆ (ಟ್ರಿಗರ್) ಎಳೆದರೆ ಈಡಿನ ಸದ್ದೇ ಸರಿ ಇಲ್ಲ, ಮದ್ದು ತಂಡಿ ಹಿಡಿದಿತ್ತು. ಹಂದಿಗೆ ತಾಗಿತು, ಬೀಳಲಿಲ್ಲ. ನೇರ ಆಳಿನ ಮೇಲೆ ಬಂತು. ತೊಡೆ ಸೀಳಿತು. ಮಂಚದ ಮೇಲೆ ಮಲಗಿಸಿ ಹೊತ್ತುಕೊಂಡು ರಸ್ತೆಗೆ ತಂದರಂತೆ. ಅವನು ಬದುಕಿದ, ಆದರೆ ಆಮೇಲೆ ಯಾವತ್ತೂ ನೆಟ್ಟಗೆ ನಡೆಯಲಿಲ್ಲ.

ಹಂದಿ ಸಿಕ್ಕಿದ್ದು ಮೂರನೇ ದಿನ, ಹಳ್ಳದ ನೀರಿನಲ್ಲಿ. ಅಷ್ಟು ಹೊತ್ತೂ ಜೀವ ಇತ್ತು. ಅಜ್ಜ ಅದನ್ನು ನೋಡಿ ಬಂದು ಎರಡು ದಿನ ಊಟ ಮಾಡಲಿಲ್ಲ ಅಂತ ಅಮ್ಮ ಹೇಳಿದರು. ಆಳಿನ ಮನೆಗೆ ಕೊನೆಯ ತನಕ ಅಕ್ಕಿ ಕಳಿಸಿದರು. ಮುಂದಿನ ಸುಗ್ಗಿಯಲ್ಲಿ ಅಡಿಕೆ ಮಾರಿದ ದುಡ್ಡಿಗೆ .315 ತಂದರು. ತೋಟಾಗಳನ್ನು ಅಕ್ಕಿ ಕಣಜದಲ್ಲಿ ಹೂತಿಡುತ್ತಿದ್ದರು, ಅಕ್ಕಿ ತಂಡಿ ಎಳೆದುಕೊಳ್ಳುತ್ತದೆ ಅಂತ.

ಅಕ್ಕ, ನಾನು ಪ್ರೀತಿ ಅಂದದ್ದು ಇದನ್ನು. ಕೊಂದ ಲೆಕ್ಕದ ಮೇಲಿನ ಪ್ರೀತಿ ಅಲ್ಲ. ಅರೆಜೀವ ಮಾಡಿ ಬಿಡಬಾರದು ಅನ್ನುವ ಹೆದರಿಕೆಯಿಂದ ಬಂದ ನಂಬಿಕೆ.

ಮಂಗಟ್ಟೆ, ಪುಣೆ ಕೋಥ್ರುಡ್:

ಇದನ್ನು ಎರಡು ಸಲ ಓದಿದೆ. ಅಜ್ಜನ ಬಗ್ಗೆ ನನ್ನ ತಕರಾರು ವಾಪಸ್ ತಗೊಂಡೆ. ಬೇಟೆ ಬಗ್ಗೆ ಅಲ್ಲ.

ಮಡಿಕೇರಿಯವ, ಮುಂಬೈ:

ಅಕ್ಕನ ಮಾತೂ ಸರಿ, ನಿಮ್ಮ ಅಮ್ಮ ಹೇಳಿದ್ದೂ ಸರಿ. ಒಂಟಿಗ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

.315 ಆ ಕಾಡಿಗೆ ಯಾಕೆ ಹೊಂದಿತು ಅಂತ ಈಗ ಹೇಳಬಹುದು. ಅದರ ಗುಂಡು 244 ಗ್ರೇನ್, ಅಂದರೆ ಹೆಚ್ಚುಕಮ್ಮಿ 16 ಗ್ರಾಂ. ಮೂತಿ ಮೊಂಡು, ತುದಿಯಲ್ಲಿ ಸೀಸ ಕಾಣುತ್ತದೆ. ಇವತ್ತಿನ ಲೆಕ್ಕಕ್ಕೆ ನಿಧಾನದ ಗುಂಡು, ದೂರಕ್ಕೆ ಹೋದರೆ ಬೇಗ ಕೆಳಗೆ ಬೀಳುತ್ತದೆ. ಬಯಲುಸೀಮೆಯವರು ಅದನ್ನು ಇಷ್ಟಪಡದೇ ಇರಬಹುದು. ಆದರೆ ಮಲೆನಾಡಿನಲ್ಲಿ ಅರವತ್ತು ಹೆಜ್ಜೆ ಆಚೆ ಏನು ಕಾಣುತ್ತದೆ ಹೇಳಿ? ಹಳು, ಬಿದಿರು, ಬೆತ್ತ. ಅಲ್ಲಿ ವೇಗ ಬೇಕಾಗಿಲ್ಲ. ಭಾರ ಬೇಕು, ಒಳಗೆ ಹೋಗಿ ನಿಲ್ಲಿಸುವ ಗುಣ ಬೇಕು.

ಒಂದು ದೋಷ ಹೇಳಲೇಬೇಕು. ಅಂಚಿರುವ ತೋಟಾಗಳನ್ನು ಮ್ಯಾಗಜಿನ್‌ಗೆ ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ ಬೋಲ್ಟ್ ತಳ್ಳಿದಾಗ ಎರಡೂ ಸಿಕ್ಕಿಕೊಳ್ಳುತ್ತವೆ. ತಾತ ನಮಗೆ ಮೊದಲು ಕಲಿಸಿದ್ದೇ ಅದು. ಗುರಿ ಇಡುವುದು ಆಮೇಲೆ. ಕತ್ತಲೆ ಕೋಣೆಯಲ್ಲಿ ಕೂರಿಸಿ, ನಕಲಿ ತೋಟಾ ಕೊಟ್ಟು, ಬೆರಳಿನಿಂದಲೇ ಅಂಚು ಮುಟ್ಟಿ ತುಂಬಿಸುತ್ತಿದ್ದರು.

ಬಾಲೇವಾಡಿ ಗುರಿ, ಪುಣೆ:

ನಾನು ಕ್ರೀಡೆಯ ಕಡೆಯವ, ಬೇಟೆ ಗೊತ್ತಿಲ್ಲ. ಆದರೂ ಸೇರಿಸುತ್ತೇನೆ. ನಾವು 50 ಮೀಟರ್ ರೈಫಲ್‌ಗೆ ಬಳಸುವ .22 ಲಾಂಗ್ ರೈಫಲ್ ತೋಟಾ 1887ರದ್ದು. ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಗೆದ್ದದ್ದು ಅದೇ ತೋಟಾದಿಂದ. ನೂರಮೂವತ್ತು ವರ್ಷ ದಾಟಿದರೂ ಅದರ ಜಾಗಕ್ಕೆ ಇನ್ನೊಂದು ಬಂದಿಲ್ಲ.

ಇನ್ನೊಂದು. ನನ್ನ ಅಕ್ಕ-ಭಾವ ನಾರ್ವೆಯಲ್ಲಿದ್ದಾರೆ. ಭಾವನ ಆಫೀಸಿನವರು ಶರತ್ಕಾಲ ಬಂದರೆ ಕಡವೆಗಿಂತ ದೊಡ್ಡ ಎಲ್ಕ್ ಬೇಟೆಗೆ ಹೋಗುತ್ತಾರೆ. ಅಲ್ಲಿ ಅದು ಕಾನೂನುಬದ್ಧ, ಎಷ್ಟು ಹೊಡೆಯಬೇಕು ಅಂತ ಸರ್ಕಾರವೇ ಲೆಕ್ಕ ಕೊಡುತ್ತದೆ. ಅವರ ಕೈಯಲ್ಲಿ ಇವತ್ತಿಗೂ ಇರುವುದು 6.5×55, ಸ್ವೀಡನ್ ಮತ್ತು ನಾರ್ವೆ ಸೈನ್ಯಕ್ಕೆ ಅಂತ 1890ರ ದಶಕದಲ್ಲಿ ಮಾಡಿದ್ದು. ಭುಜಕ್ಕೆ ಒದೆ ಕಡಿಮೆ, ಗುಂಡು ಉದ್ದ, ಆಳಕ್ಕೆ ಇಳಿಯುತ್ತದೆ. ನನಗೆ ಅದಕ್ಕಿಂತ ಹಿಡಿಸಿದ್ದು ಅವರ ಪರೀಕ್ಷೆ. ದೊಡ್ಡ ಪ್ರಾಣಿ ಬೇಟೆಗೆ ಹೋಗುವವರು ಪ್ರತಿ ವರ್ಷ ಕನಿಷ್ಠ 30 ಈಡು ಅಭ್ಯಾಸ ಮಾಡಬೇಕು. ಆಮೇಲೆ 100 ಮೀಟರ್ ದೂರದ ಗುರಿಗೆ ಐದು ಈಡು, ಐದೂ ಜೀವದ ಜಾಗಕ್ಕೇ ಬೀಳಬೇಕು. ನಾಲ್ಕು ಬಿದ್ದರೆ ಫೇಲ್. ಯಲ್ಲಾಪುರದ ಅಜ್ಜ ಎರಡು ದಿನ ಊಟ ಬಿಟ್ಟದ್ದನ್ನು ಓದಿದಾಗ ನನಗೆ ಈ ಪರೀಕ್ಷೆಯೇ ನೆನಪಾಯಿತು.

ಹುಡುಗರಿಗೆ ಗುರಿ ಕಲಿಸಬೇಕು ಅನ್ನುವವರಿಗೆ ಒಂದು ಮಾತು: 2004ರ ಅಥೆನ್ಸ್ ಒಲಿಂಪಿಕ್ಸ್ ಫೈನಲ್‌ವರೆಗೆ ಹೋದ ಸುಮಾ ಶಿರೂರ್ ನಮ್ಮ ಚಿಕ್ಕಬಳ್ಳಾಪುರದವರು. ಪನವೇಲ್‌ನಲ್ಲಿ ತರಬೇತಿ ಕೊಡುತ್ತಾರೆ. ಗಾಳಿ ರೈಫಲ್‌ನಿಂದ ಶುರು ಮಾಡಿಸಿ.

ಉದ್ದ ನಳಿಗೆ, ಠಾಣೆ:

ಎಲ್ಲರೂ ಅಜ್ಜನ ಕಡೆಗೇ ಇದ್ದೀರಿ, ನಾನು ಸ್ವಲ್ಪ ವಿರುದ್ಧ ಹೇಳುತ್ತೇನೆ. ಹಳೆಯದರಲ್ಲೇ ಒಳ್ಳೆಯದು ಅಂದರೆ .30-06. ಅಮೆರಿಕದ ಸೈನ್ಯ 1906ರಲ್ಲಿ ತಂದದ್ದು, ಹೆಸರಿನ ಕೊನೆಯ 06 ಅದೇ. ಕವಚ 63 ಮಿಲಿಮೀಟರ್. ಒಂದೇ ಕೋವಿಗೆ 110 ಗ್ರೇನ್‌ನಿಂದ 220 ಗ್ರೇನ್ ತನಕ ಗುಂಡು ಸಿಗುತ್ತದೆ. ಹಗುರದ್ದು ಹಾಕಿದರೆ ಬಯಲಿನ ಜಿಂಕೆಗೆ, ಭಾರದ್ದು ಹಾಕಿದರೆ ಕರಡಿಗೆ. 1952ರಲ್ಲಿ .308, 1963ರಲ್ಲಿ .300 ವಿಂಚೆಸ್ಟರ್ ಮ್ಯಾಗ್ನಂ, 2007ರಲ್ಲಿ 6.5 ಕ್ರೀಡ್‌ಮೂರ್ ಬಂತು. ಆದರೂ ಅಲ್ಲಿನ ಹಳ್ಳಿಯ ಸಣ್ಣ ಅಂಗಡಿಯಲ್ಲೂ .30-06 ಡಬ್ಬಿ ಇರುತ್ತದೆ. ಈ ಅಳತೆಯ ರೈಫಲ್ ನಮ್ಮ ಸರ್ಕಾರಿ ಕಾರ್ಖಾನೆಯೂ ಮಾಡಿದೆ. .315 ನಮ್ಮ ಪಾಲಿಗೆ ಬಂದದ್ದು ಬೇರೆ ದಾರಿ ಇರಲಿಲ್ಲ ಅಂತ. ಅದನ್ನು ಜಗತ್ತಿನ ಒಳ್ಳೆಯ ತೋಟಾ ಅಂತ ಹೊಗಳುವುದು ಜಾಸ್ತಿ ಆಯಿತು.

ಮಡಿಕೇರಿಯವ, ಮುಂಬೈ:

ನೀವು ಹೇಳಿದ್ದು ಒಪ್ಪುತ್ತೇನೆ, .30-06 ಹೆಚ್ಚಿನ ತೋಟಾ. ಆದರೆ ಬಲ ಒಂದನ್ನೇ ನೋಡಬೇಡಿ. .275 ರಿಗ್ಬಿ ನೋಡಿ. ಅದು ಮೌಸರ್ 7×57ಕ್ಕೇ ಇಂಗ್ಲಿಷ್ ಅಂಗಡಿ ಇಟ್ಟ ಹೆಸರು, 1892ರ ವಿನ್ಯಾಸ. ಇವತ್ತಿನ ಲೆಕ್ಕಕ್ಕೆ ಸಾಧಾರಣ. ಚಂಪಾವತದ ನರಭಕ್ಷಕ ಹುಲಿಯನ್ನು ಹೊಡೆದದ್ದಕ್ಕೆ ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಬಹುಮಾನ ಅಂತ ಸಿಕ್ಕಿದ್ದು ಈ ರೈಫಲ್. ಆ ಹುಲಿಯನ್ನು ಇದರಿಂದಲೇ ಹೊಡೆದರು ಅಂತ ತುಂಬಾ ಜನ ಹೇಳುತ್ತಾರೆ, ಅದು ತಪ್ಪು. ಕೋವಿ ಬಂದದ್ದು ಆಮೇಲೆ. 1926ರಲ್ಲಿ ರುದ್ರಪ್ರಯಾಗದ ಚಿರತೆಯನ್ನು ಹೊಡೆದದ್ದು ಮಾತ್ರ ಇದರಿಂದ. ಅಂದರೆ ಹತ್ತೊಂಬತ್ತು ವರ್ಷ ಆದ ಮೇಲೂ, ಕತ್ತಲೆಯಲ್ಲಿ ಒಂದೇ ಈಡಿಗೆ ಅವಕಾಶ ಇದ್ದಾಗ, ಅವರ ಕೈಯಲ್ಲಿ ಇದ್ದದ್ದು ಅದೇ. ಆಫ್ರಿಕಾದಲ್ಲಿ ಕರಮೋಜೊ ಬೆಲ್ ಸಾವಿರಕ್ಕೂ ಹೆಚ್ಚು ಆನೆ ಹೊಡೆದ, ಹೆಚ್ಚಿನವು ಇದೇ ಸಣ್ಣ ತೋಟಾದಿಂದ. ಆ ಲೆಕ್ಕ ಕೇಳಿದರೆ ಇವತ್ತು ಹೊಟ್ಟೆ ತೊಳಸುತ್ತದೆ, ಅಕ್ಕನ ಪಕ್ಷಕ್ಕೆ ನಾನೂ ಸೇರುತ್ತೇನೆ. ಆದರೆ ಆನೆಯ ತಲೆಬುರುಡೆ ಸೀಳಿಸಿ, ಮೆದುಳು ಎಲ್ಲಿದೆ ಅಂತ ಕಲಿತುಕೊಂಡು ಹೊಡೆಯುತ್ತಿದ್ದ ಅನ್ನುವುದೂ ನಿಜ. ಒದೆ ಕಡಿಮೆ ಇರುವ ತೋಟಾ ಆದರೆ ಮನುಷ್ಯ ಕಣ್ಣು ಮುಚ್ಚುವುದಿಲ್ಲ. ಗುಂಡು ಹೇಳಿದ ಜಾಗಕ್ಕೆ ಹೋಗುತ್ತದೆ.

ಉದ್ದ ನಳಿಗೆ, ಠಾಣೆ:

ಕಣ್ಣು ಮುಚ್ಚುವ ಮಾತು ನಿಜ. ನಾನೇ ಮೊದಮೊದಲು ರೇಂಜ್‌ನಲ್ಲಿ ಹಾಗೆ ಮಾಡುತ್ತಿದ್ದೆ. ಒಪ್ಪಿದೆ.

ಮಡಗಾಂವ್ ಮಾವ, ಗೋವಾ:

ಖಡಕಿಯವರಿಗೆ ಒಂದು ಎಚ್ಚರಿಕೆ. ಅಟ್ಟದಲ್ಲಿ ಇನ್ನೂ ಹುಡುಕುತ್ತಿದ್ದರೆ ಹೊಡೆಯದ ತೋಟಾ ಸಿಕ್ಕೀತು. ಅದನ್ನು ಸುಮ್ನೆ ಬ್ಯಾಗಿಗೆ ಹಾಕಿಕೊಂಡು ಬರಬೇಡಿ. ಲೈಸೆನ್ಸ್ ಇಲ್ಲದೆ ಒಂದು ಜೀವಂತ ತೋಟಾ ಇದ್ದರೂ ಶಸ್ತ್ರ ಕಾಯ್ದೆಯಲ್ಲಿ ಕೇಸ್ ಆಗುತ್ತದೆ. ಅಜ್ಜನ ಹಳೆ ಬ್ಯಾಗ್ ತಗೊಂಡು ವಿಮಾನ ಹತ್ತಲು ಹೋಗಿ, ಮೂಲೆಯಲ್ಲಿ ಉಳಿದ ಒಂದು ತೋಟಾದಿಂದ ಕೋರ್ಟ್ ಅಲೆದ ನಮ್ಮವರನ್ನು ನಾನು ನೋಡಿದ್ದೇನೆ. ಸಿಕ್ಕರೆ ಅಲ್ಲಿನ ಪೊಲೀಸ್ ಠಾಣೆಗೆ ಬರೆದುಕೊಟ್ಟು ಒಪ್ಪಿಸಿ, ರಸೀದಿ ತಗೊಳ್ಳಿ.

ಖಡಕಿ ಕನ್ನಡಿಗ, ಪುಣೆ:

ಮಾವ, ಥ್ಯಾಂಕ್ಸ್. ಅಣ್ಣನಿಗೆ ಆಗಲೇ ಹೇಳಿದ್ದೇನೆ, ಕಣಜ ಪೂರ್ತಿ ಸೋಸಿ ನೋಡಿದ್ದಾರೆ, ಬೇರೆ ಏನೂ ಇಲ್ಲ.

ಇನ್ನೊಂದು ಸಂಗತಿ ಹೇಳಬೇಕು, ಅದಕ್ಕೇ ಇವತ್ತು ಬಂದೆ. ಅಪ್ಪನ ಜತೆ ಕೆಲಸ ಮಾಡುತ್ತಿದ್ದ ಒಬ್ಬ ಕಾಕಾ ಇನ್ನೂ ಖಡಕಿ ಬಜಾರಿನಲ್ಲೇ ಇದ್ದಾರೆ. ಎಂಬತ್ತೆಂಟು ವರ್ಷ. ಭಾನುವಾರ ಖಾಲಿ ತೋಟಾ ತಗೊಂಡು ಹೋದೆ. ಕನ್ನಡಕ ಹಾಕಿಕೊಂಡು, ಕಿಟಕಿ ಹತ್ತಿರ ಕೂತು, ತುಂಬಾ ಹೊತ್ತು ನೋಡಿದರು. ಮೊದಲು ಕುತ್ತಿಗೆ ನೋಡಿದರು. ಬೆರಳಿನ ತುದಿಯಿಂದ ಸುತ್ತಲೂ ಸವರಿದರು.

ಹಿತ್ತಾಳೆ ಬಿಲ್ಲೆಯನ್ನು ಒತ್ತಿ ಒತ್ತಿ ಎಳೆದು ತೋಟಾ ಮಾಡುತ್ತಾರೆ, ಎಳೆದಷ್ಟೂ ಅದು ಗಡುಸಾಗುತ್ತದೆ ಅಂದರು. ಬ್ರಿಟಿಷರ ಕಾಲದಲ್ಲಿ ಮಳೆಗಾಲಕ್ಕೆ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರಂತೆ. ಮಳೆ ಮುಗಿಯುವಷ್ಟರಲ್ಲಿ ಸುಮ್ನೆ ಇಟ್ಟಲ್ಲೇ ಸೀಳು ಬಿಡುತ್ತಿದ್ದವು. ಕಾರಣ ಯಾರಿಗೂ ತಿಳಿಯಲಿಲ್ಲ. 1921ರಲ್ಲಿ ಗೊತ್ತಾಯಿತು: ಕುದುರೆ ಉಚ್ಚೆಯ ಅಮೋನಿಯಾ, ಎಳೆದು ಗಡುಸಾದ ಹಿತ್ತಾಳೆ, ಎರಡೂ ಸೇರಿ ಸೀಳುತ್ತಿತ್ತು. ಅದಕ್ಕೇ ತೋಟಾವನ್ನು ಬೆಂಕಿಗೆ ಹಿಡಿದು ಹದ ಮಾಡುವುದು. ಹದ ಕಮ್ಮಿ ಆದರೆ ಸೀಳು, ಜಾಸ್ತಿ ಆದರೆ ಮೆತ್ತಗೆ. "ನಿಮ್ಮಪ್ಪ ಬಣ್ಣ ನೋಡಿಯೇ ಹೇಳುತ್ತಿದ್ದ" ಅಂದರು ಕಾಕಾ.

ಆಮೇಲೆ ತೋಟಾ ತಿರುಗಿಸಿ ತಳ ನೋಡಿದರು. ಸೂಜಿ ಹೊಡೆದ ಗುಂಡಿಯ ಮೇಲೆ ಉಗುರಿಟ್ಟು "ನೋಡು, ನಟ್ಟನಡುವೆ ಬಿದ್ದಿದೆ. ಕುತ್ತಿಗೆಯೂ ಎಲ್ಲೂ ಸೀಳಿಲ್ಲ" ಅಂದರು. ಧೋತ್ರದ ಅಂಚಿನಿಂದ ಒರೆಸಿ ನನ್ನ ಅಂಗೈಯಲ್ಲಿಟ್ಟರು. ಅಮ್ಮನಿಗೆ ತೋರಿಸಲು ದೀಪಾವಳಿಗೆ ಊರಿಗೆ ಒಯ್ಯುತ್ತೇನೆ.